ಬ್ಲ್ಯಾಂಕಕ್ಕ ತುಂಬದೆ ಬಿಟ್ಟ ಜಾಗಗಳು

ನಾನು ಆ ಆಫೀಸಿಗೆ ಸೇರಿದ ದಿನ ನನಗೆ ಸಿಕ್ಕಿದ್ದು ಕಿಟಕಿಯಿಂದ ದೂರದ, ಕಾಲು ಚಾಚಲಾಗದ ಒಂದು ಮೂಲೆ. ಪಕ್ಕದ ಕುರ್ಚಿಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಹೆಡ್‌ಫೋನ್ ಹಾಕಿಕೊಂಡು, ಬಲಗಾಲಿನ ಚಪ್ಪಲಿ ಬಿಚ್ಚಿಟ್ಟು, ಬರಿಗಾಲಲ್ಲಿ ಪೆಡಲ್ ಒತ್ತುತ್ತ ಟೈಪ್ ಮಾಡುತ್ತಿದ್ದರು. ನಾನು ಹೊಸಬಳು ಎಂದು ಹೇಳಿಕೊಂಡೆ. ಅವರು ತಲೆ ಎತ್ತದೆ ಒಂದು ಬೆರಳು ಮೇಲೆತ್ತಿದರು, ತಾಳು ಎಂಬಂತೆ. ಒಂಬತ್ತು ನಿಮಿಷ ತಾಳಿದೆ. ಆಮೇಲೆ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ, "ಪಾಪ, ಹಾರ್ಟ್ ಪೇಷೆಂಟು. ಅರ್ಧಕ್ಕೆ ಬಿಟ್ಟು ಬರೋಕಾಗಲ್ಲ. ಈಗ ಹೇಳಮ್ಮ," ಎಂದರು.

ನಮ್ಮದು ಡಾಕ್ಟರುಗಳ ದನಿಯನ್ನು ಅಕ್ಷರಕ್ಕೆ ಇಳಿಸುವ ಕೆಲಸ. ಎಲ್ಲೋ ದೂರದ ಆಸ್ಪತ್ರೆಗಳಲ್ಲಿ ಡಾಕ್ಟರು ರೋಗಿಯನ್ನು ನೋಡಿ ಮುಗಿಸಿ, ಮೈಕಿನ ಮುಂದೆ ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸುತ್ತಾರೆ. ಆ ರೆಕಾರ್ಡಿಂಗ್ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಪೆಡಲ್ ಒತ್ತಿದರೆ ದನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಲ್ಲಿ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಕೇಳಿ ಕೇಳಿ ಟೈಪ್ ಮಾಡಿ ವಾಪಸ್ ಕಳಿಸಬೇಕು. ಸರಿಯಾಗಿ ಕೇಳಿಸದ ಕಡೆ, ಅರ್ಥ ಎರಡಾಗುವ ಕಡೆ ಒಂದು ಗೆರೆ ಎಳೆದು ಜಾಗ ಖಾಲಿ ಬಿಡಬೇಕು. ಅದಕ್ಕೆ ಬ್ಲ್ಯಾಂಕ್ ಅನ್ನುತ್ತಾರೆ. ಅದನ್ನು ಆಸ್ಪತ್ರೆಯವರೇ ತುಂಬಿಕೊಳ್ಳಬೇಕು. ಬ್ಲ್ಯಾಂಕ್ ಹೆಚ್ಚಾದರೆ ಅವರಿಗೆ ಸಿಟ್ಟು, ಅವರಿಗೆ ಸಿಟ್ಟು ಬಂದರೆ ನಮ್ಮ ಟೀಮ್ ಲೀಡರಿಗೆ ತಲೆನೋವು. ಹಾಗಾಗಿ ಎಲ್ಲರೂ ಅಂದಾಜಿನಲ್ಲಿ ಏನೋ ಒಂದು ತುಂಬಿ ಕೈ ತೊಳೆದುಕೊಳ್ಳುತ್ತಿದ್ದರು. ಇವರೊಬ್ಬರು ತುಂಬುತ್ತಿರಲಿಲ್ಲ. ಅದಕ್ಕೇ ಬ್ಲ್ಯಾಂಕಕ್ಕ ಎಂಬ ಹೆಸರು. ಎಲ್ಲರೂ ಎದುರಿಗೇ ಹಾಗೆ ಕರೆಯುತ್ತಿದ್ದರು, ಅವರಿಗೆ ಬೇಸರವಿರಲಿಲ್ಲ. ಹಿಂದಿನ ಆಫೀಸಿನಲ್ಲಿ ಇಟ್ಟಿದ್ದ ಹೆಸರಿಗಿಂತ ಇದು ವಾಸಿ ಎನ್ನುತ್ತಿದ್ದರು. ಆ ಹಿಂದಿನ ಹೆಸರು ಏನೆಂದು ಎಂಟು ವರ್ಷ ಪೀಡಿಸಿದರೂ ಬಾಯಿ ಬಿಡಲಿಲ್ಲ.

ನಾನು ಮೊದಲ ವಾರ ಮಾಡಿದ ತಪ್ಪು ಬೇರೆ ತರಹದ್ದು. ಡಾಕ್ಟರು "ಚೆಸ್ಟ್ ಕ್ಲಿಯರ್, ನೋ ಫೀವರ್" ಎಂದರೆ ನಾನು ವ್ಯಾಕರಣದ ಮರ್ಯಾದೆ ಕಾಯಲು "ದ ಚೆಸ್ಟ್ ಈಸ್ ಕ್ಲಿಯರ್, ದೇರ್ ಈಸ್ ನೋ ಫೀವರ್" ಎಂದು ಬರೆಯುತ್ತಿದ್ದೆ. ಬ್ಲ್ಯಾಂಕಕ್ಕ ನನ್ನ ಪರದೆಯತ್ತ ಬಗ್ಗಿ ನೋಡಿದರು. ಇದನ್ನು ಓದಿದವರು ಯಾರ ಎದೆ, ಈಗ ಕ್ಲಿಯರೋ ಹೋದ ವರ್ಷ ಕ್ಲಿಯರೋ ಎಂದು ಕೇಳುತ್ತಾರೇನು, ಕೇಳುವುದಿಲ್ಲವಲ್ಲ, ಹಾಗಾದರೆ ಆ ಪದಗಳನ್ನು ಯಾಕೆ ಎಳೆದು ತಂದೆ ಎಂದರು. ಬಿಟ್ಟ ಪದವೂ ವಾಕ್ಯದೊಳಗೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ ಎಂಬುದು ಅವರ ವಾದ.

ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಡಬ್ಬಿಯ ಮುಚ್ಚಳವನ್ನೇ ಹಲಗೆ ಮಾಡಿಕೊಂಡು ಅವರು ಪಾಠ ಮಾಡಿದರು. ನಮ್ಮ ಕ್ರಿಯಾಪದಕ್ಕೆ ಬಾಲವಿದೆ. ಬಂದ ಎಂದರೆ ಅವನು, ಬಂದಳು ಎಂದರೆ ಅವಳು, ಬಂದೆ ಎಂದರೆ ನಾನು. ಇಂಗ್ಲಿಷಿಗೆ ಆ ಬಾಲವಿಲ್ಲ, ಆದ್ದರಿಂದ ಯಾರು ಎಂಬುದನ್ನು ಮೊದಲೇ ಒಂದು ಸಲ ಹೇಳಿಬಿಡಬೇಕು. ಹೇಳಿದ ಮೇಲೆ "ಅಂಡ್" ಹಾಕಿಕೊಂಡು ಎಷ್ಟು ದೂರ ಬೇಕಾದರೂ ಹೋಗಬಹುದು. ಪೇಷೆಂಟ್ ಕಾಲ್ಡ್ ದ ನರ್ಸ್ ಅಂಡ್ ಫೆಲ್. ಬಿದ್ದದ್ದು ನರ್ಸಲ್ಲ, ಪೇಷೆಂಟೇ. ಎರಡನೇ ಸಲ ಹೇಳುವುದು ಬೇಡ. ಬೆಳಗಿನ ಮಾತ್ರೆ ಹೆಂಡತಿ ಕೊಡುತ್ತಾಳೆ, ಸಂಜೆಯದು ಮಗಳು. ಇಲ್ಲೂ ಕೊಡುತ್ತಾಳೆ ಎಂಬ ಪದ ಒಂದೇ ಸಲ ಬಂದರೆ ಸಾಕು. ಆದರೆ ರೋಗಿಯ ಬಗ್ಗೆ ಡಾಕ್ಟರು "ಟ್ರಸ್ಟ್ಸ್ ದ ಸನ್ ಮೋರ್ ದ್ಯಾನ್ ದ ವೈಫ್" ಎಂದು ಮೊಟಕು ಮಾಡಿದರೆ, ಅಲ್ಲಿ ನಿಲ್ಲಬೇಕು. ರೋಗಿ ಹೆಂಡತಿಯನ್ನು ಅಷ್ಟು ನಂಬುವುದಿಲ್ಲವೋ, ಅಥವಾ ಹೆಂಡತಿ ಆ ಮಗನನ್ನು ಅಷ್ಟು ನಂಬುವುದಿಲ್ಲವೋ?

"ಕೇಳಿದೋರೆಲ್ಲ ಒಂದೇ ಪದ ತುಂಬ್ಕೊತಾರೆ ಅಂದ್ರೆ ಬಿಟ್ಬಿಡು. ಒಬ್ಬೊಬ್ಬರು ಒಂದೊಂದು ತುಂಬ್ಕೊತಾರೆ ಅಂದ್ರೆ ಬಿಡಬೇಡ," ಎಂದರು. "ಇದು ನಂದಲ್ಲ, ನಮ್ಮಪ್ಪ ಹೇಳ್ತಿದ್ದಿದ್ದು."

ಅಪ್ಪ ಇಂಗ್ಲಿಷ್ ಮೇಷ್ಟ್ರು. ಬ್ಲ್ಯಾಂಕಕ್ಕನ ಬದುಕನ್ನು ನಾನು ಹೀಗೆ ಚೂರುಚೂರಾಗಿ ಕೇಳಿ ಜೋಡಿಸಿಕೊಂಡಿದ್ದೇನೆ. ಅವರಿಗೆ ಹತ್ತೊಂಬತ್ತಾಗಿದ್ದಾಗ ತಾಯಿ ತೀರಿಕೊಂಡರು. ಇದ್ದೊಬ್ಬ ತಮ್ಮ ಓದು ಮುಗಿಸಿ ಬೇರೆ ಊರಿಗೆ ಹೋಗಿ, ಅಲ್ಲೇ ಮದುವೆಯಾಗಿ ನೆಲೆ ನಿಂತ. ಇವರಿಗೆ ಒಂದೆರಡು ಸಂಬಂಧ ಬಂದಿದ್ದವು. ಒಂದು ಕಡೆ ಮಾತುಕತೆ ಮುಗಿಯುವ ಹಂತಕ್ಕೂ ಬಂದಿತ್ತು, ಆಮೇಲೆ ಏನಾಯಿತೆಂದು ಅವರು ಹೇಳಲಿಲ್ಲ. ಅಪ್ಪ, ಮಗಳು ಇಬ್ಬರೇ ಉಳಿದರು. ಊಟಕ್ಕೆ ಕೂತಾಗ ಅಪ್ಪ ಒಂದು ವಾಕ್ಯ ಹೇಳುವುದು, ಅದರಲ್ಲಿ ಅಡಗಿ ಕೂತ ಪದ ಯಾವುದೆಂದು ಮಗಳು ಹುಡುಕುವುದು, ಇದೇ ಅವರ ಮನೆಯ ಕಾಲಕ್ಷೇಪ. ಈಗ ಅಪ್ಪನೂ ಇಲ್ಲ. ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಒಬ್ಬರೇ ಇದ್ದರು. ಕೆಳಗಿನ ಮನೆಯ ಓನರಮ್ಮನಿಗೆ ಕಿವಿ ಮಂದ, ಆದ್ದರಿಂದ ಅಲ್ಲೂ ಹೆಚ್ಚು ಮಾತಿಲ್ಲ. ಭಾನುವಾರ ತಮ್ಮನ ಫೋನು ಬರುತ್ತಿತ್ತು. ಊಟ ಆಯ್ತಾ, ಆಯ್ತು, ಮಕ್ಕಳು, ಚೆನ್ನಾಗಿದಾರೆ, ಸರಿ ಇಡ್ಲಾ, ಇಡು. ಎರಡು ನಿಮಿಷ ಮೀರುತ್ತಿರಲಿಲ್ಲ.

ದಿನದ ಎಂಟು ಗಂಟೆ ಮಾತ್ರ ಅವರ ಕಿವಿಯೊಳಗೆ ಯಾರಾದರೊಬ್ಬರು ಮಾತಾಡುತ್ತಿದ್ದರು. ಅದರಲ್ಲಿ ಒಬ್ಬ ಮುದಿ ಡಾಕ್ಟರು. ಮಾತು ಅಷ್ಟು ಚುಟುಕಾದ್ದರಿಂದ ಆಫೀಸಿನಲ್ಲಿ ಅವರಿಗೆ ಟೆಲಿಗ್ರಾಂ ಡಾಕ್ಟರು ಎಂದು ಹೆಸರು. "ಗಂಡು. ಅರವತ್ತು. ಕಿಡ್ನಿ ಕಲ್ಲು. ನೋವಿಲ್ಲ. ನೀರು ಕುಡಿಯಲು ಹೇಳಿದೆ. ಕುಡಿಯಲ್ಲ." ಇಂಗ್ಲಿಷಿನಲ್ಲಿ ಅವರ ರಿಪೋರ್ಟು ಹೀಗೇ ಇರುತ್ತಿತ್ತು. ಅವರ ಫೈಲು ಬಂದರೆ ಉಳಿದವರು ಬಾತ್‌ರೂಮಿಗೆ ಎದ್ದು ಹೋಗುತ್ತಿದ್ದರು. ಬ್ಲ್ಯಾಂಕಕ್ಕ ಮಾತ್ರ ಹನ್ನೊಂದು ವರ್ಷದಿಂದ ಆ ಫೈಲುಗಳನ್ನೆಲ್ಲ ತಾವೇ ಎತ್ತಿಕೊಳ್ಳುತ್ತಿದ್ದರು. ಆ ಮನುಷ್ಯ ಎಷ್ಟೇ ಪದ ನುಂಗಿದರೂ ಎರಡರ್ಥಕ್ಕೆ ಎಡೆ ಕೊಡುವವರಲ್ಲ, ಬಿಡಬಾರದ ಒಂದು ಪದವನ್ನೂ ಬಿಟ್ಟವರಲ್ಲ ಎಂದು ಹೇಳುವಾಗ ಅವರ ಮುಖದಲ್ಲಿ ತವರಿನವರನ್ನು ಹೊಗಳುವ ಹೆಮ್ಮೆ ಇರುತ್ತಿತ್ತು.

ಆ ಡಾಕ್ಟರ ಬಗ್ಗೆ ಅವರಿಗೆ ಎಷ್ಟೆಲ್ಲ ಗೊತ್ತಿತ್ತು! ಕುರ್ಚಿಯ ಎಡಗಾಲು ಕಿರುಗುಟ್ಟುತ್ತದೆ. ಚಹಾ ಆರಿದ ಮೇಲೇ ಕುಡಿಯುತ್ತಾರೆ, ಗುಟುಕಿನ ಸದ್ದಿನಲ್ಲಿ ತಿಳಿಯುತ್ತದೆ. ಮನೆಯಿಂದ ಮಾಡುತ್ತಿದ್ದ ಮಧ್ಯಾಹ್ನದ ರೆಕಾರ್ಡಿಂಗಿನಲ್ಲಿ ದೂರದಿಂದ ಒಬ್ಬ ಹೆಂಗಸಿನ ದನಿ ಊಟಕ್ಕೆ ಕರೆಯುತ್ತಿತ್ತು, ಡಾಕ್ಟರು ಐದು ನಿಮಿಷ ಎನ್ನುತ್ತಿದ್ದರು. ನಾನು ಸೇರುವ ಮುಂಚೆ ಒಂದು ಸಲ ಮೂರು ವಾರ ಫೈಲು ಬಂದಿರಲಿಲ್ಲವಂತೆ. ಮತ್ತೆ ಶುರುವಾದಾಗ ಆ ಹೆಂಗಸಿನ ದನಿ ಇರಲಿಲ್ಲ. ಆದರೂ ಡಾಕ್ಟರು ಆ ಹೊತ್ತಿಗೆ ಸರಿಯಾಗಿ ಸ್ವಲ್ಪ ತಡೆದು ಮುಂದುವರಿಯುತ್ತಿದ್ದರು. ಬ್ಲ್ಯಾಂಕಕ್ಕನಿಗೆ ಅಷ್ಟೇ ಸಾಕಾಗಿತ್ತು. ಅವತ್ತು ತಮಗೆ ಊಟ ಸೇರಲಿಲ್ಲ ಎಂದರು. ಆ ಡಾಕ್ಟರಿಗೆ ಇವರು ಭೂಮಿಯ ಮೇಲೆ ಇದ್ದಾರೆಂಬುದೂ ಗೊತ್ತಿರಲಿಲ್ಲ.

ನಾನು ಸೇರಿ ಆರು ವರ್ಷವಾದ ಮೇಲೆ ಮೊದಲ ತೊಡಕು ಬಂತು. ಒಬ್ಬ ರೋಗಿಯ ಎಡ ಕಿಡ್ನಿಯಲ್ಲಿ ಕಲ್ಲು, ಬಲದಲ್ಲಿ ಇನ್ನೂ ದೊಡ್ಡದು, ಮುಂದಿನ ವಾರ ತೆಗೆಯುವುದು ಎಂದಿತ್ತು ರೆಕಾರ್ಡಿಂಗಿನಲ್ಲಿ. ಯಾವುದನ್ನು ಎಂದಿರಲಿಲ್ಲ. ಬ್ಲ್ಯಾಂಕಕ್ಕ ಪೆಡಲನ್ನು ಹಿಮ್ಮಡಿಯಲ್ಲಿ ಒತ್ತಿ ಒತ್ತಿ ಹತ್ತು ಸಲ ಕೇಳಿದರು. ಕೊನೆಗೆ ಗೆರೆ ಎಳೆದು, ಬಲವೋ ಎಡವೋ ಎಂಬ ಪ್ರಶ್ನೆ ಸೇರಿಸಿ ಕಳಿಸಿದರು. ಟೀಮ್ ಲೀಡರ್ ಬಂದ. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕೆಟ್ಟವನಲ್ಲ, ಸದಾ ಅವಸರದವನು.

"ಅಕ್ಕ, ದೊಡ್ಡ ಕಲ್ಲು ಬಲಕ್ಕಿದೆ ಅಂದ್ಮೇಲೆ ತೆಗೆಯೋದು ಅದನ್ನೇ ತಾನೆ? ಇದಕ್ಕೂ ಬ್ಲ್ಯಾಂಕಾ?"

"ತಾನೆ ಅಂತ ನೀನೇ ಕೇಳ್ತಿದೀಯಲ್ಲಪ್ಪ," ಎಂದರು ಬ್ಲ್ಯಾಂಕಕ್ಕ. "ಗೊತ್ತಿದ್ರೆ ತಾನೆ ಅಂತಿರ್ಲಿಲ್ಲ."

ಎರಡು ದಿನದ ನಂತರ ಡಾಕ್ಟರ ಹೊಸ ಫೈಲು ಬಂತು. ಅದರ ಮೊದಲಿಗೇ, ರೋಗಿಯ ವಿವರಕ್ಕಿಂತ ಮುಂಚೆ, ಆ ಮುದಿ ದನಿ ಇಂಗ್ಲಿಷಿನಲ್ಲಿ ಹೀಗೆಂದಿತು: ಇದನ್ನು ಟೈಪ್ ಮಾಡುವವರಿಗೆ. ಎಡಗಡೆಯದು. ಚಿಕ್ಕದೇ ದಾರಿ ಕಟ್ಟಿ ಕೂತಿದೆ. ಕೇಳಿದ್ದು ಒಳ್ಳೆಯದಾಯಿತು.

ಬ್ಲ್ಯಾಂಕಕ್ಕ ನನ್ನ ಕಿವಿಗೂ ಹೆಡ್‌ಫೋನ್ ಕೊಟ್ಟು ಕೇಳಿಸಿದರು. ಆಮೇಲೆ ತಾವೇ ಮತ್ತೆ ಕೇಳಿದರು. ಟೀಮ್ ಲೀಡರಿಗೆ ಏನೂ ಹೇಳಲಿಲ್ಲ. ಅವತ್ತು ಸಂಜೆ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದು ಬಂದರು, ಅವರ ದಾರಿ ಅದಲ್ಲದಿದ್ದರೂ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಡಾಕ್ಟರು ನನ್ನ ಜೊತೆ ಮಾತಾಡಿದರು ನೋಡು ಎಂದು ಎರಡು ಬಾರಿ ಹೇಳಿದರು.

ಆದರೆ ಅದೇ ಶುರು. ಮುಂದಿನ ತಿಂಗಳುಗಳಲ್ಲಿ ಆ ಫೈಲುಗಳಲ್ಲಿ ಪದಗಳು ಬೇರೆ ರೀತಿಯಲ್ಲಿ ಬಿದ್ದುಹೋಗತೊಡಗಿದವು. ಮೊದಲು ಡಾಕ್ಟರು ಬಿಡುತ್ತಿದ್ದದ್ದು ಈಸು, ದೇರು, ಹೀ, ಶೀ, ಅಂದರೆ ಯಾರು ಬೇಕಾದರೂ ತುಂಬಿಕೊಳ್ಳಬಹುದಾದವು. ಈಗ ಅವೆಲ್ಲ ನೆಟ್ಟಗೆ ಇರುತ್ತಿದ್ದವು. ಕಾಣೆಯಾಗುತ್ತಿದ್ದದ್ದು ಔಷಧದ ಹೆಸರು, ಅಂಗದ ಹೆಸರು, ರೋಗದ ಹೆಸರು. ಆತನಿಗೆ ನಾನು ಆ ಇದನ್ನು ಕೊಟ್ಟಿದ್ದೇನೆ, ದಿನಕ್ಕೆ ಎರಡು ಸಲ, ಆ ಇನ್ನೊಂದರ ಜೊತೆ. ಹೀಗೆ. ವಾಕ್ಯ ಪೂರ್ತಿ, ವಿಷಯವೇ ಇಲ್ಲ. ನಡುವೆ ಉದ್ದನೆಯ ಮೌನ, ಕುರ್ಚಿಯ ಕಿರುಗುಟ್ಟುವಿಕೆ.

ಹಳೆಯ ರಿಪೋರ್ಟುಗಳು ಕಂಪ್ಯೂಟರಿನಲ್ಲೇ ಇದ್ದವು. ಅದೇ ರೋಗಿಗೆ ಹಿಂದೆ ಯಾವ ಔಷಧ ಕೊಟ್ಟಿದ್ದರೆಂದು ನೋಡಿ ತುಂಬಿಬಿಡಿ ಎಂದು ನಾನೇ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಬ್ಲ್ಯಾಂಕಕ್ಕ ಒಂದು ವಾರ ಹಾಗೇ ಮಾಡಿದರು. ಒಂದೂ ಬ್ಲ್ಯಾಂಕ್ ಇಲ್ಲದ ರಿಪೋರ್ಟುಗಳು ಹೋದವು. ಟೀಮ್ ಲೀಡರ್ ಖುಷಿಯಾಗಿ, ಅಕ್ಕ ಕೊನೆಗೂ ದಾರಿಗೆ ಬಂದರು ಎಂದು ಎಲ್ಲರ ಎದುರು ಹೇಳಿದ. ಸೋಮವಾರ ಬೆಳಿಗ್ಗೆ ನಾನು ಬಂದಾಗ ಬ್ಲ್ಯಾಂಕಕ್ಕ ಕಂಪ್ಯೂಟರ್ ಆನ್ ಮಾಡದೆ ಸುಮ್ಮನೆ ಕೂತಿದ್ದರು. ಮೆಟ್ಟಿಲ ಹತ್ತಿರ ಬಾ ಎಂದು ಕರೆದುಕೊಂಡು ಹೋದರು. ಅಪ್ಪನ ಉಳಿದ ಕತೆ ನನಗೆ ತಿಳಿದದ್ದು ಅಲ್ಲಿ.

ಅಪ್ಪನಿಗೆ ಎಪ್ಪತ್ತರ ಸುಮಾರಿಗೆ ಮರೆವು ಶುರುವಾಯಿತು. ಮೊದಮೊದಲು ಸಣ್ಣದು. ಆ ಅದನ್ನ ಕೊಡು ಎಂದರೆ ಮಗಳು ಕನ್ನಡಕ ಕೊಡುತ್ತಿದ್ದಳು. ಅವನು ಬಂದಿದ್ದ ಎಂದರೆ ಯಾವ ಹಳೆಯ ವಿದ್ಯಾರ್ಥಿ ಎಂದು ಹೇಳುತ್ತಿದ್ದಳು. ಆಟದ ಹಾಗೇ ಇತ್ತು. ಅವಳಷ್ಟು ಚೆನ್ನಾಗಿ ಆ ಆಟ ಬಲ್ಲವರು ಯಾರಿದ್ದರು? ನೆಂಟರು ಬಂದಾಗ ಅಪ್ಪನ ಪಕ್ಕದಲ್ಲೇ ಕೂತು, ಅವರ ಬಾಯಿಂದ ಪದ ಜಾರುವ ಮುಂಚೆಯೇ ಎತ್ತಿ ಕೊಡುತ್ತಿದ್ದಳು. ತಮ್ಮ ಫೋನ್ ಮಾಡಿದಾಗಲೂ ಅಷ್ಟೇ. ಮೇಷ್ಟ್ರು ಇನ್ನೂ ಎಷ್ಟು ಚುರುಕು ಎಂದು ಜನ ಮೆಚ್ಚುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಒಂದು ದಿನ ಮಧ್ಯಾಹ್ನ ಅಪ್ಪ ಬಾಗಿಲಲ್ಲಿ ನಿಂತು, "ಹೋಗಿ ತಗೊಂಡು ಬರ್ತೀನಿ," ಎಂದರು. ಮಗಳು ಅಡುಗೆಮನೆಯಿಂದಲೇ ಪೇಪರು ಎಂದು ತುಂಬಿಕೊಂಡಳು. ಅಪ್ಪ ಸಿಕ್ಕಿದ್ದು ಎರಡು ದಿನದ ನಂತರ, ನೂರು ಮೈಲಿ ಆಚೆಯ ಒಂದು ಬಸ್ ಡಿಪೋದಲ್ಲಿ. ಕಾಲೆಲ್ಲ ಗಾಯ. ಏನು ತರಲು ಹೊರಟಿದ್ದರೆಂದು ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಒಂದೂವರೆ ವರ್ಷ ಇದ್ದರು, ಹಾಸಿಗೆಯಲ್ಲಿ. ಓಡಿಬಂದ ತಮ್ಮ, ಇದು ಯಾವಾಗಿನಿಂದ, ಯಾಕೆ ಹೇಳಲಿಲ್ಲ ಎಂದು ಕೇಳಿದ. ಫೋನು ಎರಡು ನಿಮಿಷಕ್ಕೆ ಇಳಿದದ್ದು ಅಲ್ಲಿಂದ.

"ನಾನು ತುಂಬ್ತಾ ಹೋಗಿದ್ದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ," ಎಂದರು ಬ್ಲ್ಯಾಂಕಕ್ಕ, ಮೆಟ್ಟಿಲ ಕಂಬಿ ಹಿಡಿದುಕೊಂಡು. "ಹೋದ ವಾರ ಈ ಡಾಕ್ಟರಿಗೂ ಅದನ್ನೇ ಮಾಡ್ದೆ. ಇವರ ಹತ್ರ ರೋಗಿಗಳು ಬರ್ತಾರಮ್ಮ."

ಅವತ್ತಿನಿಂದ ಒಂದು ಪದವನ್ನೂ ತುಂಬಲಿಲ್ಲ. ಒಂದೊಂದು ಪುಟದಲ್ಲಿ ಏಳೆಂಟು ಬ್ಲ್ಯಾಂಕು. ಹಿಂದಿನ ವಾರ ತಾವು ತುಂಬಿದ್ದನ್ನೆಲ್ಲ ಪಟ್ಟಿ ಮಾಡಿ ಅವನ್ನೂ ಆಸ್ಪತ್ರೆಯವರು ಮತ್ತೆ ನೋಡಬೇಕೆಂದು ಟೀಮ್ ಲೀಡರಿಗೆ ಕೊಟ್ಟರು. ಅವನಿಗೆ ರೇಗಿತು. ಡಾಕ್ಟರ ತಲೆ ಹೇಗಿದೆ ಎಂದು ನೋಡುವುದು ನಮ್ಮ ಕೆಲಸವಲ್ಲ, ನಮ್ಮದು ಟೈಪಿಂಗು, ನಿಮಗೆ ಆಗದಿದ್ದರೆ ಆ ಫೈಲುಗಳನ್ನು ಅಡ್ಜಸ್ಟ್ ಮಾಡಿಕೊಳ್ಳುವವರಿಗೆ ಕೊಡುತ್ತೇನೆ ಎಂದ. ಆ ಮಾತಿಗೆ ಬ್ಲ್ಯಾಂಕಕ್ಕ ಎದ್ದರು. ಹದಿನೇಳು ವರ್ಷದಲ್ಲಿ ಒಂದು ದಿನವೂ ಮ್ಯಾನೇಜರ ಬಾಗಿಲು ತಟ್ಟದವರು ಅವತ್ತು ತಟ್ಟಿದರು. ಒಂದು ಚಪ್ಪಲಿ ಟೇಬಲ್ಲಿನ ಕೆಳಗೇ ಉಳಿದಿತ್ತು. ನಾನು ಹಿಂದೆಯೇ ಓಡಿ ಕೊಟ್ಟೆ.

ಮ್ಯಾನೇಜರು ವಯಸ್ಸಾದ ಹೆಂಗಸು, ಬೇಗ ಅರ್ಥ ಮಾಡಿಕೊಂಡರು. ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆದುಕೊಡಿ, ನಾನು ಕಳಿಸುತ್ತೇನೆ ಎಂದರು. ಹನ್ನೊಂದು ಸಾಲಿನ ಆ ಪತ್ರಕ್ಕೆ ಬ್ಲ್ಯಾಂಕಕ್ಕ ಎರಡು ದಿನ ತೆಗೆದುಕೊಂಡರು. ನನಗೆ ಓದಲು ಕೊಟ್ಟರು. ಡಾಕ್ಟರ ಮೇಲೆ ದೂರು ಎನ್ನಿಸುವ ಒಂದು ಮಾತೂ ಇರಲಿಲ್ಲ. ಇಂತಿಂಥ ದಿನ, ಇಂತಿಂಥ ರಿಪೋರ್ಟು, ಇಂಥ ಪದ ಇಲ್ಲ, ಮೊದಲು ಹೀಗಿರಲಿಲ್ಲ. ಯಾವ ವಾಕ್ಯದಲ್ಲೂ ಒಂದು ಪದ ಬಿಟ್ಟಿರಲಿಲ್ಲ, ಬಿಡಬಹುದಾದ ಕಡೆಯೂ.

ಮೂರನೇ ವಾರ ಡಾಕ್ಟರ ಫೈಲುಗಳು ನಿಂತವು. ಬ್ಲ್ಯಾಂಕಕ್ಕ ದಿನವೂ ಮೊದಲು ಆ ಪಟ್ಟಿ ತೆರೆದು ನೋಡಿ, ಮುಚ್ಚಿ, ಬೇರೆಯವರದು ಶುರು ಮಾಡುತ್ತಿದ್ದರು. ತಿಂಗಳ ನಂತರ ಮ್ಯಾನೇಜರಿಗೆ ಆಸ್ಪತ್ರೆಯಿಂದ ಉತ್ತರ ಬಂತು. ಡಾಕ್ಟರು ರೋಗಿಗಳನ್ನು ನೋಡುವುದನ್ನು ನಿಲ್ಲಿಸಿದ್ದಾರೆ. ಆರು ತಿಂಗಳ ರಿಪೋರ್ಟುಗಳನ್ನು ಮತ್ತೆ ಪರಿಶೀಲಿಸಲಾಯಿತು. ಇಬ್ಬರು ರೋಗಿಗಳ ಔಷಧದಲ್ಲಿ ಆಗಬಹುದಾಗಿದ್ದ ಅನಾಹುತ ತಪ್ಪಿತು. ನಿಮ್ಮ ಸಿಬ್ಬಂದಿಗೆ ಧನ್ಯವಾದ. ಮ್ಯಾನೇಜರು ಅದನ್ನು ಎಲ್ಲರ ಎದುರು ಓದಿದರು. ಟೀಮ್ ಲೀಡರ್ ಎದ್ದು ಬಂದು, "ತಪ್ಪಾಯ್ತು ಅಕ್ಕ," ಎಂದ. ಅವನು ಹಾಗೆ ಹೇಳುವವನಲ್ಲ, ಹೇಳಿದ.

ಬ್ಲ್ಯಾಂಕಕ್ಕ ತಲೆಯಾಡಿಸಿದರು ಅಷ್ಟೇ. ಊಟದ ಹೊತ್ತಿನಲ್ಲಿ ಡಬ್ಬಿ ತೆರೆದು ಹಾಗೇ ಮುಚ್ಚಿದರು. ಡಾಕ್ಟರ ವಿಳಾಸ ಸಿಗಬಹುದೇ ಎಂದು ಮ್ಯಾನೇಜರನ್ನು ಕೇಳಿದ್ದರಂತೆ, ನಿಯಮದ ಪ್ರಕಾರ ಕೊಡುವಂತಿಲ್ಲ ಎಂದರಂತೆ. ಏನು ಬರೆಯುತ್ತಿದ್ದಿರಿ ಎಂದು ಕೇಳಿದೆ.

"ಏನು ಬರೆಯೋದು? ನಾನೇ ನಿಮ್ಮ ಕೆಲಸ ಕಿತ್ಕೊಂಡೋಳು ಅಂತಲಾ?" ಎಂದರು. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ಅಲ್ಲಿ ಊಟಕ್ಕೆ ಕರೆಯೋಕೂ ಯಾರೂ ಇಲ್ಲ ಈಗ," ಎಂದರು.

ಆ ಭಾನುವಾರ ತಮ್ಮನ ಫೋನು ಬಂದಾಗ ಊಟ ಆಯ್ತಾ ಎಂಬ ಪ್ರಶ್ನೆಗೆ ಅವರು ಆಯ್ತು ಎನ್ನಲಿಲ್ಲ. ಇಲ್ಲ, ಮಾಡೋಕೆ ಮನಸ್ಸಾಗ್ಲಿಲ್ಲ ಎಂದರು. ಆಮೇಲೆ ನಡೆದದ್ದನ್ನು ಸೋಮವಾರ ನನಗೆ ಹೇಳಿದರು, ನಡುನಡುವೆ ನಿಲ್ಲಿಸುತ್ತ. ಡಾಕ್ಟರ ವಿಷಯ ತಮ್ಮನಿಗೆ ಪೂರ್ತಿ ಹೇಳಿದರಂತೆ. ಹೇಳುತ್ತ ಹೇಳುತ್ತ ಅಪ್ಪನ ವಿಷಯಕ್ಕೆ ಬಂದು, "ನಿನಗೆ ನಾನು ಹೇಳ್ಬೇಕಿತ್ತು. ಅಪ್ಪನಿಗೆ ಮರೀತಿದೆ ಅಂತ ನಾನು ನಿನಗೆ ಹೇಳ್ಲಿಲ್ಲ. ಅದು ನನ್ನ ತಪ್ಪು," ಎಂದರಂತೆ.

ಲೈನು ಕಟ್ಟಾಯಿತೆಂದುಕೊಂಡು ಹಲೋ ಎಂದರು.

"ಇದೀನಿ," ಎಂದ ತಮ್ಮ. "ನಂಗೆ ಗೊತ್ತಿತ್ತಕ್ಕ. ಅಪ್ಪ ಫೋನಲ್ಲಿ ಮಾತಾಡುವಾಗ ಪಕ್ಕದಲ್ಲಿ ನೀನು ಪಿಸುಗುಟ್ಟೋದು ಕೇಳಿಸ್ತಿತ್ತು. ಗೊತ್ತಾಯ್ತು ಅಂದ್ರೆ ಬರ್ಬೇಕಾಗತ್ತಲ್ಲ, ಅದಕ್ಕೆ ಗೊತ್ತಿಲ್ಲದ ಹಾಗೆ ಇದ್ದೆ. ಆಮೇಲೆ ನಿನ್ನ ಮೇಲೇ ಕೂಗಾಡ್ದೆ."

ಇದನ್ನು ಹೇಳಿ ಬ್ಲ್ಯಾಂಕಕ್ಕ ನನ್ನನ್ನು ನೋಡಿದರು. ಸಿಟ್ಟು ಬರಬೇಕಿತ್ತಲ್ಲವೇ ಎಂದು ಕೇಳಿದರು. ಬರಲಿಲ್ಲವಂತೆ. ಅಷ್ಟು ವರ್ಷ ಒಬ್ಬಳೇ ಹೊತ್ತಿದ್ದೆ ಅಂದುಕೊಂಡಿದ್ದ ಗಂಟಿನ ಇನ್ನೊಂದು ತುದಿ ಅವನ ಕೈಯಲ್ಲಿತ್ತು ಎಂದು ತಿಳಿದು ಅತ್ತರಂತೆ, ಅವನೂ ಅತ್ತನಂತೆ. ಊಟ ಮಾತ್ರ ಅವತ್ತು ಇಬ್ಬರೂ ಮಾಡಲಿಲ್ಲವಂತೆ.

ತಮ್ಮ ಮುಂದಿನ ತಿಂಗಳು ಬಂದು ನಾಲ್ಕು ದಿನ ಇದ್ದು ಹೋದ. ಆಫೀಸಿನ ಬಾಗಿಲವರೆಗೆ ಅಕ್ಕನನ್ನು ಬಿಡಲು ಬಂದಾಗ ನೋಡಿದೆ. ತಲೆ ಬೋಳಾದ, ಅಕ್ಕನದೇ ಮೂಗಿನ ಮನುಷ್ಯ, ಏನು ಮಾತಾಡಬೇಕೆಂದು ತಿಳಿಯದೆ ಅವರ ಚೀಲವನ್ನೇ ಹಿಡಿದುಕೊಂಡು ನಿಂತಿದ್ದ. ನನ್ನ ಜೊತೆಗೇ ಬಂದಿರು ಎಂದು ತಮ್ಮ ಕರೆದನಂತೆ. ಇವರು ಒಪ್ಪಲಿಲ್ಲ. ಅವನ ಹೆಂಡತಿ ಮಕ್ಕಳಿಗೆ ತಾನೊಬ್ಬಳು ಅಪರಿಚಿತಳು, ಈ ವಯಸ್ಸಿನಲ್ಲಿ ಬೇರೆಯವರ ಮನೆಯ ಮಾತು ಕಲಿಯುವುದು ಆಗದು ಎಂದರು.

ಎರಡು ವರ್ಷದ ನಂತರ ಬ್ಲ್ಯಾಂಕಕ್ಕ ಕೆಲಸ ಬಿಟ್ಟರು. ಕೊನೆಯ ದಿನಗಳಲ್ಲಿ ಅವರ ಪಾಲಿಗೆ ಬಂದಿದ್ದವಳು ಒಬ್ಬ ಎಳೆಯ ಡಾಕ್ಟರು. ಒಂದೊಂದು ವಾಕ್ಯವನ್ನೂ ಕರ್ತೃ, ಕರ್ಮ, ಕ್ರಿಯೆ ಸಮೇತ ಪೂರ್ತಿ ಹೇಳುವವಳು. ಒಳ್ಳೆ ಹುಡುಗಿ, ಆದರೆ ನನಗೆ ಮಾಡೋಕೆ ಏನೂ ಉಳಿಸಲ್ಲ ಎಂದು ನಗುತ್ತಿದ್ದರು. ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಿ ಎಂದರೆ ಎರಡೇ ಆಡಿ ಕೂತರು.

ಈಗ ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ. ಮಹಡಿಯ ಕೋಣೆ ಹಾಗೇ ಇದೆ. ಅಡುಗೆಮನೆಯಲ್ಲಿ ರೇಡಿಯೋ ಸಣ್ಣಗೆ ಮಾತಾಡುತ್ತಿರುತ್ತದೆ, ನಾನು ಹೋದ ಮೇಲೂ ಅದನ್ನು ಆರಿಸುವುದಿಲ್ಲ. ಭಾನುವಾರದ ಫೋನು ಅರ್ಧ ಗಂಟೆ ಮೀರುತ್ತದಂತೆ, ತಮ್ಮನ ಚಿಕ್ಕ ಮಗಳೂ ಬಂದು ಅತ್ತೆ ಎಂದು ಮಾತಾಡುತ್ತಾಳಂತೆ. ಅದನ್ನು ಹೇಳುವಾಗ ಅವರ ಮುಖ ಅರಳುತ್ತದೆ. ಹೋದ ಸಲ ನಾನು ಹೋದದ್ದು ಬುಧವಾರ. ಬಾಗಿಲು ತೆರೆದು ನನ್ನನ್ನು ಕಂಡು ಮಾತಾಡಲು ಹೋದರು, ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು, ಭಾನುವಾರದಿಂದ ಮಾತೇ ಆಡಿರಲಿಲ್ಲ ನೋಡು ಎಂದು ನಗುತ್ತ ಒಳಗೆ ಕರೆದರು.